ಬಾಳೆ ಎಲೆಯೂ ಸುಟ್ಟ ಗಾಯವೂ



ಮದುವೆ ಮನೆಯ ಪಂಕ್ತಿಯಿಂದಲೇ ಮಾತು ಆರಂಭಿಸಿದರೆ ತಪ್ಪಾಗಲಾರದು. ಉದ್ದಕ್ಕೂ ಹಾಸಿದ ಕುಡಿಬಾಳೆ, ತುದಿ ಎಡಕ್ಕೆ. ಕುಳಿತವರು ಲೋಟದ ನೀರನ್ನು ನಾಲ್ಕು ಹನಿ ಚಿಮುಕಿಸಿ ಅಂಗೈಯಲ್ಲಿ ಎಲೆ ಒರೆಸಿಕೊಳ್ಳುತ್ತಾರೆ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯಗಳ ಸರದಿ ಮುಗಿದು ಹಬೆಯಾಡುವ ಅನ್ನ ಬಿದ್ದಾಗ, ಅದರ ಕೆಳಗಿನ ಹಸಿರು ಕಂದುಗಟ್ಟಿ ಒಂದು ಬಗೆಯ ಹಿತವಾದ ವಾಸನೆ ಏಳುತ್ತದೆ. ಆ ಹೊತ್ತಿಗೆ ಸರಿಯಾಗಿ ಪಂಕ್ತಿಯಲ್ಲಿ ಯಾರಾದರೊಬ್ಬ ಹಿರಿಯರು ಹೇಳುವ ಮಾತು ಎಲ್ಲರೂ ಕೇಳಿದ್ದೇ. ‘ಬಾಳೆ ಎಲೆಯಲ್ಲಿ ಉಂಡವರಿಗೆ ರೋಗ ಹತ್ತಿರ ಸುಳಿಯುವುದಿಲ್ಲ. ಅದು ಕ್ರಿಮಿಗಳನ್ನು ಕೊಲ್ಲುತ್ತದೆ. ನಮ್ಮ ಹಿರಿಯರು ದಡ್ಡರಲ್ಲ.’

ಹಿರಿಯರು ದಡ್ಡರಲ್ಲ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಬಾಳೆ ಎಲೆ ನಿಜವಾಗಿಯೂ ಕ್ರಿಮಿಗಳನ್ನು ಕೊಲ್ಲುತ್ತದೆಯೇ? ಕೊಲ್ಲುವುದಾದರೆ ಯಾವ ಕ್ರಿಮಿಯನ್ನು, ಎಷ್ಟು ಹೊತ್ತಿನಲ್ಲಿ, ಯಾವುದರಿಂದ? ಪಂಕ್ತಿಯಲ್ಲಿ ಕುಳಿತು ಇಂಥ ಪ್ರಶ್ನೆ ಕೇಳಿದರೆ ಸಾರು ಆರಿಹೋಗುತ್ತದೆ. ಹಾಗಾಗಿ ಯಾರೂ ಕೇಳುವುದಿಲ್ಲ. ಈ ಪ್ರಶ್ನೆಗೆ ಗಂಭೀರವಾದ ಉತ್ತರ ಬೇಕಾಗಿದ್ದುದು ಅಡುಗೆ ಮನೆಯಲ್ಲಲ್ಲ, ಆಸ್ಪತ್ರೆಯ ಸುಟ್ಟಗಾಯಗಳ ವಾರ್ಡಿನಲ್ಲಿ. ಅಲ್ಲಿಗೆ ಹೋಗುವ ಮೊದಲು ಗಿಡದ ಪರಿಚಯ ಸ್ವಲ್ಪ ಆಗಬೇಕು.

ಬಾಳೆಯನ್ನು ಮರ ಎಂದು ಕರೆಯುವುದು ರೂಢಿ. ಸಸ್ಯಶಾಸ್ತ್ರದ ಪ್ರಕಾರ ಅದು ಮರವಲ್ಲ. ಬಹಳ ದೊಡ್ಡದಾಗಿ ಬೆಳೆದ ಮೂಲಿಕೆ. ಕಾಂಡದಂತೆ ಕಾಣುವುದು ಎಲೆಗಳ ಬುಡದ ಪಟ್ಟೆಗಳು ಒಂದರ ಮೇಲೊಂದು ಸುತ್ತಿಕೊಂಡು ಆದ ಹುಸಿಕಾಂಡ. ಬೆಳವಣಿಗೆಯ ಮೂಲ ನೆಲದೊಳಗಿನ ಗಡ್ಡೆಯಲ್ಲಿದೆ. ಪಲ್ಯಕ್ಕೆ ಬಳಸುವ ದಿಂಡು, ಹೂವನ್ನು ಹೊತ್ತು ಗಡ್ಡೆಯಿಂದ ಮೇಲಕ್ಕೆ ನುಗ್ಗುವ ನಡುಭಾಗ. ಹೊಸ ಎಲೆ ಹುಟ್ಟುವುದೂ ಹೀಗೆಯೇ, ಹುಸಿಕಾಂಡದ ನಟ್ಟನಡುವಿನಿಂದ, ಸುರುಳಿ ಸುತ್ತಿದ ಕೊಳವೆಯಾಗಿ. ಇದನ್ನೇ ಸುಳಿ ಎನ್ನುವುದು. ಸುಳಿ ಬಿಚ್ಚುವವರೆಗೆ ಎಲೆಯ ಒಳಮೈಗೆ ಧೂಳು ತಗಲುವುದಿಲ್ಲ. ಬಿಚ್ಚಿದ ಮೇಲೂ ಎಲೆಯ ಹೊರಪದರದ ಮೇಲೆ ತೆಳುವಾದ ಮೇಣದ ಲೇಪವಿರುತ್ತದೆ. ಮಳೆ ಬಿದ್ದಾಗ ನೀರು ಹರಡಿಕೊಳ್ಳದೆ ಮಣಿಮಣಿಯಾಗಿ ಉರುಳಿ, ಜೊತೆಗೆ ಧೂಳನ್ನೂ ಸೆಳೆದುಕೊಂಡು ಹೋಗುತ್ತದೆ. ತಾವರೆ ಎಲೆಯ ಮೇಲಿನ ನೀರಹನಿಯನ್ನು ಉಪಮೆಯಾಗಿ ಬಳಸದ ಕವಿಯೇ ಇಲ್ಲ. ಅದರ ಹಿಂದಿನ ಭೌತಶಾಸ್ತ್ರವನ್ನು ಜರ್ಮನಿಯ ಬಾನ್ ವಿಶ್ವವಿದ್ಯಾಲಯದ ವಿಲ್‌ಹೆಲ್ಮ್ ಬಾರ್ತ್‌ಲೊಟ್ ಮತ್ತು ಕ್ರಿಸ್ಟೋಫ್ ನೈನ್‌ಹುಯಿಸ್ 1997ರಲ್ಲಿ ವಿವರವಾಗಿ ಬರೆದರು. ಬಾಳೆ ತಾವರೆಯಷ್ಟು ಕಟ್ಟುನಿಟ್ಟಲ್ಲದಿದ್ದರೂ ಅದೇ ದಾರಿಯದು. ಈ ಮೇಣದ ಮಾತನ್ನು ನೆನಪಿಟ್ಟುಕೊಳ್ಳಬೇಕು. ಮುಂದೆ ಮತ್ತೆ ಬರುತ್ತದೆ.

ಇನ್ನು ಗಿಡದ ರಸ. ಬಾಳೆ ಕಡಿದವರ ಬಟ್ಟೆ ನೋಡಿದರೆ ಸಾಕು. ಮೊದಲು ನೀರಿನಂತೆ ತಿಳಿಯಾಗಿ ಒಸರುವ ರಸ ಒಣಗುತ್ತಾ ಕಂದಾಗಿ, ಯಾವ ಸೋಪಿಗೂ ಜಗ್ಗದ ಕಲೆಯಾಗುತ್ತದೆ. ರಸದಲ್ಲಿ ಟ್ಯಾನಿನ್ ಮೊದಲಾದ ಫೀನಾಲ್ ಜಾತಿಯ ಸಂಯುಕ್ತಗಳಿವೆ. ಗಿಡಕ್ಕೆ ಗಾಯವಾದಾಗ ಅದರಲ್ಲೇ ಇರುವ ಕಿಣ್ವವೊಂದು ಗಾಳಿಯ ಆಮ್ಲಜನಕದ ನೆರವಿನಿಂದ ಇವುಗಳನ್ನು ಕಂದು ಬಣ್ಣದ ವಸ್ತುಗಳನ್ನಾಗಿ ಮಾರ್ಪಡಿಸುತ್ತದೆ. ಈ ವಸ್ತುಗಳು ಪ್ರೋಟೀನುಗಳಿಗೆ ಬಿಗಿಯಾಗಿ ಅಂಟಿಕೊಳ್ಳುತ್ತವೆ. ಗಾಯದ ಬಾಯಲ್ಲಿ ಒಳನುಗ್ಗಲು ಕಾದಿರುವ ಶಿಲೀಂಧ್ರಕ್ಕೂ ಬ್ಯಾಕ್ಟೀರಿಯಾಕ್ಕೂ ಅದು ತೊಡಕು. ಬಟ್ಟೆ ಒಗೆಯುವವರಿಗೆ ತಲೆನೋವು. ಬಾಳೆಹೂವನ್ನೂ ದಿಂಡನ್ನೂ ಹೆಚ್ಚಿದ ಕೂಡಲೇ ಮಜ್ಜಿಗೆ ನೀರಿಗೆ ಹಾಕುವ ಗೃಹಿಣಿ ಈ ರಸಾಯನಶಾಸ್ತ್ರವನ್ನು ಓದಿರಲಿಕ್ಕಿಲ್ಲ. ಮಜ್ಜಿಗೆಯ ಹುಳಿ ಆ ಕಿಣ್ವದ ಕೈ ಕಟ್ಟುತ್ತದೆ, ತರಕಾರಿ ಕಪ್ಪಾಗುವುದಿಲ್ಲ. ಹೆಚ್ಚುವ ಮೊದಲು ಕೈಗೆ ಎಣ್ಣೆ ಸವರಿಕೊಳ್ಳುವುದೂ ಅದೇ ರಸದಿಂದ ತಪ್ಪಿಸಿಕೊಳ್ಳಲು. ಹದಿನಾರನೆಯ ಶತಮಾನದಲ್ಲಿ ಮೂರನೆಯ ಮಂಗರಸ ಬರೆದ ‘ಸೂಪಶಾಸ್ತ್ರ’ದಲ್ಲಿ ಬಾಳೆಕಾಯಿಯ ಅಡುಗೆಗಳಿಗೂ ಜಾಗವಿದೆ. ಕನ್ನಡಿಗರ ಅಡುಗೆಮನೆಗೆ ಈ ಗಿಡದ ಸ್ವಭಾವ ಗೊತ್ತಾಗಿ ಕಡಿಮೆಯೆಂದರೆ ಐನೂರು ವರ್ಷವಾಯಿತು.

ಬಾಳೆಯ ಬಳಗ ಯಾವುದು ಎಂಬುದು ಕುತೂಹಲದ ವಿಷಯ. ಅರಿಶಿನ, ಶುಂಠಿ, ಏಲಕ್ಕಿ ಇವೆಲ್ಲ ಬಾಳೆಗೆ ಹತ್ತಿರದ ನೆಂಟರು. ಸಸ್ಯಶಾಸ್ತ್ರಜ್ಞರು ಇವುಗಳನ್ನು ಒಂದೇ ಗಣದಲ್ಲಿಡುತ್ತಾರೆ. ಅರಿಶಿನದ ಎಲೆಯನ್ನೂ ಬಾಳೆ ಎಲೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನಡುದಿಂಡಿನಿಂದ ಅಂಚಿನತ್ತ ಓಡುವ ನರಗಳಲ್ಲಿ ಹೋಲಿಕೆ ಕಾಣುತ್ತದೆ. ಹೋಲಿಕೆ ಹೊರಗಿನದು ಮಾತ್ರವಲ್ಲ. ಬಾಳೆಗೆ ರೋಗಾಣು ತಗುಲಿದಾಗ ಅದು ತನ್ನ ರಕ್ಷಣೆಗೆಂದು ಫೀನೈಲ್‌ಫೀನಲಿನೋನ್ ಎಂಬ ಹೆಸರಿನ ಸಂಯುಕ್ತಗಳನ್ನು ತಯಾರಿಸುತ್ತದೆ. ಹೆಸರು ನಾಲಿಗೆ ಹೊರಳದಂತಿದೆ, ನಿಜ. ಹಳದಿ, ಕಿತ್ತಳೆ, ಕೆಂಪು ಬಣ್ಣದ ಈ ವಸ್ತುಗಳನ್ನು ಗಿಡ ಯಾವ ದಾರಿಯಲ್ಲಿ ಕಟ್ಟುತ್ತದೆ ಎಂದು ಹುಡುಕುತ್ತ ಹೋದ ರಸಾಯನಶಾಸ್ತ್ರಜ್ಞರಿಗೆ ಎದುರಾದದ್ದು ಅರಿಶಿನದ ಬಣ್ಣವಾದ ಕರ್ಕ್ಯುಮಿನ್‌ನ ಜಾತಿಗೆ ಸೇರಿದ ಅಣುಗಳು. ಗಾಯಕ್ಕೆ ಅರಿಶಿನ ಹಚ್ಚುವ ಮನೆಯಲ್ಲಿ ಊಟಕ್ಕೆ ಬಾಳೆ ಎಲೆ ಹಾಕುತ್ತಿದ್ದಾಗ, ಒಂದೇ ಮನೆತನದ ಎರಡು ಗಿಡಗಳು ಬಳಕೆಯಲ್ಲಿದ್ದವು.

ಇಲ್ಲೊಂದು ಸೂಕ್ಷ್ಮವಿದೆ. ಈ ವಸ್ತುಗಳು ಆರೋಗ್ಯವಾಗಿರುವ ಎಲೆಯಲ್ಲಿ ಸದಾ ತುಂಬಿಕೊಂಡಿರುವಂಥವಲ್ಲ. ಶತ್ರು ಬಂದ ಮೇಲೆ, ಬಂದ ಜಾಗದಲ್ಲಿ ಗಿಡ ಇವುಗಳನ್ನು ತಯಾರಿಸಿಕೊಳ್ಳುತ್ತದೆ. ಅಂದರೆ ಊಟಕ್ಕೆ ಹಾಕಿದ ಚೆಂದದ, ಕಲೆಯಿಲ್ಲದ ಎಲೆಯಲ್ಲಿ ಇವುಗಳನ್ನು ನಿರೀಕ್ಷಿಸುವ ಹಾಗಿಲ್ಲ. ಆಯುಧ ಇದೆ, ಆದರೆ ಅದು ಗಿಡದ ಜಗಳಕ್ಕೆ. ಉಣ್ಣುವವರ ಹೊಟ್ಟೆಯ ಜಗಳಕ್ಕಲ್ಲ.

ಆ ಜಗಳದಲ್ಲೂ ಬಾಳೆ ಯಾವಾಗಲೂ ಗೆಲ್ಲುವುದಿಲ್ಲ. ನಂಜನಗೂಡಿನ ರಸಬಾಳೆಯ ಕತೆ ಮೈಸೂರು ಸೀಮೆಯವರಿಗೆ ಹೇಳಬೇಕಾಗಿಲ್ಲ. ಭೌಗೋಳಿಕ ಗುರುತು ಪಡೆದ ಈ ಹಣ್ಣು ಈಗ ಸಂತೆಯಲ್ಲಿ ಹುಡುಕಿದರೂ ಸಿಗುವುದು ಕಷ್ಟವಾಗಿದ್ದರೆ, ಅದಕ್ಕೆ ದೊಡ್ಡ ಕಾರಣ ಪನಾಮಾ ಸೊರಗು ರೋಗ. ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುವ ಫ್ಯುಸೇರಿಯಂ ಎಂಬ ಶಿಲೀಂಧ್ರ ಬೇರಿನಿಂದ ಹೊಕ್ಕು ನೀರು ಸಾಗುವ ನಾಳಗಳನ್ನೇ ಹಿಡಿಯುತ್ತದೆ. ಎಲೆಗಳು ಹಳದಿಯಾಗಿ, ಬುಡಕ್ಕೆ ಜೋತುಬಿದ್ದು ಗಿಡ ಸಾಯುತ್ತದೆ. ಇದೇ ರೋಗ ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಮಧ್ಯ ಅಮೆರಿಕದ ಗ್ರೋ ಮಿಶೆಲ್ ತಳಿಯ ತೋಟಗಳನ್ನು ನೆಲಸಮ ಮಾಡಿತು. ಜಗತ್ತಿನ ವ್ಯಾಪಾರವೆಲ್ಲ ಕ್ಯಾವೆಂಡಿಶ್ ತಳಿಗೆ ಬದಲಾಯಿತು. ಪಚ್ಚಬಾಳೆ ಅದೇ ಕ್ಯಾವೆಂಡಿಶ್ ಬಳಗದ್ದು. ಈಗ ಅದನ್ನೂ ಕೊಲ್ಲಬಲ್ಲ ಫ್ಯುಸೇರಿಯಂನ ಹೊಸ ಬಗೆಯೊಂದು ಭಾರತದ ಬಿಹಾರ ಮತ್ತು ಉತ್ತರ ಪ್ರದೇಶಗಳಲ್ಲಿ ಕಾಣಿಸಿಕೊಂಡಿದೆ. ‘ಬಾಳೆ ಕ್ರಿಮಿ ಕೊಲ್ಲುತ್ತದೆ’ ಎಂಬ ಮಾತನ್ನು ರಸಬಾಳೆ ಬೆಳೆದು ಕೈ ಸುಟ್ಟುಕೊಂಡ ರೈತನ ಎದುರು ಹೇಳಿದರೆ ಆತ ಏನೆಂದಾನು ಎಂದು ಊಹಿಸಬಹುದು.

ಹಾಗಾದರೆ ಬಾಳೆಯ ಎಲೆ, ಸಿಪ್ಪೆ, ಹೂವು, ರಸಗಳ ಸಾರ ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ ಎಂದು ಹೇಳುವ ಪ್ರಯೋಗಗಳು ಸುಳ್ಳೇ? ಸುಳ್ಳಲ್ಲ. ಭಾರತದಲ್ಲೂ ಹೊರಗೂ ಇಂಥ ಪ್ರಯೋಗಗಳು ಸಾಕಷ್ಟು ನಡೆದಿವೆ. ಅವು ನಡೆಯುವ ರೀತಿ ತಿಳಿದರೆ ಫಲಿತಾಂಶದ ತೂಕವೂ ತಿಳಿಯುತ್ತದೆ. ಎಲೆಯನ್ನೋ ಸಿಪ್ಪೆಯನ್ನೋ ಒಣಗಿಸಿ ಪುಡಿ ಮಾಡಿ ಆಲ್ಕೊಹಾಲಿನಂಥ ದ್ರಾವಕದಲ್ಲಿ ನೆನೆಸುತ್ತಾರೆ. ದ್ರಾವಕ ಆವಿಯಾದ ಮೇಲೆ ಉಳಿಯುವ ಗಟ್ಟಿ ಸಾರವನ್ನು, ಬ್ಯಾಕ್ಟೀರಿಯಾ ಬಿತ್ತಿದ ಗಾಜಿನ ತಟ್ಟೆಯ ಮೇಲೆ ಇಡುತ್ತಾರೆ. ಮರುದಿನ ಆ ಸಾರದ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಬಿಳಿಚಿದ ಬಳೆ ಕಾಣಿಸಿದರೆ, ಅದನ್ನು ಅಳತೆ ಮಾಡಿ ಬರೆದುಕೊಳ್ಳುತ್ತಾರೆ. ಇದು ಸಂಶೋಧನೆಯ ಮೊದಲ ಮೆಟ್ಟಿಲು. ಉಪ್ಪು, ಸಕ್ಕರೆ, ಹುಳಿ, ಲವಂಗ ಇವೂ ಸಾಕಷ್ಟು ಗಟ್ಟಿಯಾಗಿದ್ದರೆ ಸೂಕ್ಷ್ಮಜೀವಿಗಳ ಬೆಳವಣಿಗೆಯನ್ನು ತಡೆಯುತ್ತವೆ. ಇಲ್ಲದಿದ್ದರೆ ಉಪ್ಪಿನಕಾಯಿ ವರ್ಷಪೂರ್ತಿ ಉಳಿಯುತ್ತಿರಲಿಲ್ಲ. ತಟ್ಟೆಯಲ್ಲಿ ಕಂಡ ಗುಣ ಊಟದ ಎಲೆಯ ಮೇಲೆ ಇಪ್ಪತ್ತು ನಿಮಿಷದಲ್ಲಿ ಕೆಲಸ ಮಾಡುತ್ತದೆ ಎನ್ನಲು ನಡುವೆ ಇನ್ನೂ ಅನೇಕ ಮೆಟ್ಟಿಲುಗಳಿವೆ. ಮೇಣದ ಪದರದ ಕೆಳಗೆ, ಕೋಶಗಳ ಒಳಗೆ ಬಂಧಿಯಾಗಿರುವ ಫೀನಾಲ್‌ಗಳು ಅನ್ನದ ಬಿಸಿಗೆ ಒಂದಿಷ್ಟು ಹೊರಬರಬಹುದು. ಅದು ಊಟವನ್ನು ಶುದ್ಧಿ ಮಾಡುವಷ್ಟು ಎಂದು ಹೇಳಲು ಆಧಾರ ಸಾಲದು.

ಈಗ ಆಸ್ಪತ್ರೆಗೆ ಬರೋಣ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ 10 ಲಕ್ಷಕ್ಕೂ ಹೆಚ್ಚು ಜನ ಮಧ್ಯಮ ಇಲ್ಲವೇ ತೀವ್ರ ಸುಟ್ಟಗಾಯಗಳಿಗೆ ತುತ್ತಾಗುತ್ತಾರೆ. ಅಡುಗೆ ಒಲೆಯ ಮುಂದಿನ ಹೆಂಗಸರು, ಕುದಿಯುವ ನೀರು ಮೈಮೇಲೆ ಸುರಿದುಕೊಂಡ ಮಕ್ಕಳು, ಸೀಮೆಎಣ್ಣೆ ಸ್ಟೌ ಸಿಡಿದು ಬಂದವರು. ಹೆಚ್ಚಿನವರು ಬಡವರು. ಚರ್ಮದ ಮೇಲ್ಪದರವೂ ಅದರ ಕೆಳಗಿನ ಪದರದ ಒಂದಿಷ್ಟು ಭಾಗವೂ ಸುಟ್ಟ ಗಾಯದಲ್ಲಿ ನರಗಳ ತುದಿಗಳು ಬಯಲಾಗಿರುತ್ತವೆ, ಸತ್ತಿರುವುದಿಲ್ಲ. ಹೀಗಾಗಿ ನೋವು ವಿಪರೀತ. ಅದರ ಮೇಲೆ ಹತ್ತಿಬಟ್ಟೆಯ ಗಾಜ್ ಇಟ್ಟು ಕಟ್ಟಿದರೆ, ಗಾಯದಿಂದ ಒಸರುವ ದ್ರವ ಬಟ್ಟೆಯ ಕಣ್ಣುಗಳಲ್ಲಿ ಒಣಗಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಪಟ್ಟಿ ಬದಲಿಸುವಾಗ ಬಟ್ಟೆಯ ಜೊತೆಗೆ ಆಗತಾನೇ ಹುಟ್ಟಿದ ಎಳೆ ಚರ್ಮವೂ ಕಿತ್ತು ಬರುತ್ತದೆ. ಸುಟ್ಟಗಾಯದ ವಾರ್ಡಿನಲ್ಲಿ ಬೆಳಗ್ಗೆ ಡ್ರೆಸ್ಸಿಂಗ್ ಟ್ರಾಲಿಯ ಸದ್ದು ಕೇಳಿದ ಕೂಡಲೇ ಮಕ್ಕಳು ಅಳಲಾರಂಭಿಸುವುದು ಈ ಕಾರಣಕ್ಕೆ.

ಗಾಯ ಒಣಗಬೇಕು, ಗಾಳಿಯಾಡಬೇಕು ಎಂಬ ತಿಳಿವಳಿಕೆ ಬಹುಕಾಲ ವೈದ್ಯರಲ್ಲೂ ಇತ್ತು. 1962ರಲ್ಲಿ ಬ್ರಿಟನ್ನಿನ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಚರ್ಮದ ಮೇಲೆ ಪ್ರಯೋಗ ನಡೆಸಿ ಇದನ್ನು ತಲೆಕೆಳಗು ಮಾಡಿದರು. ತೆಳುವಾದ ಹಾಳೆ ಮುಚ್ಚಿ ತೇವ ಉಳಿಸಿದ ಗಾಯಗಳ ಮೇಲೆ ಹೊಸ ಚರ್ಮ, ಒಣಗಲು ಬಿಟ್ಟ ಗಾಯಗಳಿಗಿಂತ ಬೇಗ ಹರಡಿಕೊಂಡಿತು. ಹೊಸ ಕೋಶಗಳು ಒಣ ಹೊಪ್ಪಳೆಯ ಕೆಳಗೆ ಸುರಂಗ ಕೊರೆಯುವ ಬದಲು ತೇವದ ಮೇಲೆ ಸಲೀಸಾಗಿ ಸಾಗುತ್ತವೆ. ಇದರ ನಂತರ ಪಶ್ಚಿಮ ದೇಶಗಳ ಕಂಪನಿಗಳು ಬಗೆಬಗೆಯ ಕೃತಕ ಹಾಳೆಗಳನ್ನು ಮಾರುಕಟ್ಟೆಗೆ ತಂದವು. ಬೆಲೆ ಮಾತ್ರ ಮುನಿಸಿಪಲ್ ಆಸ್ಪತ್ರೆಯ ರೋಗಿಗೆ ಎಟುಕುವಂಥದ್ದಲ್ಲ.

ಈ ಕೊರತೆಗೆ ಮುಂಬೈಯ ವೈದ್ಯರು ತರಕಾರಿ ಬುಟ್ಟಿಯಲ್ಲಿ ಉತ್ತರ ಹುಡುಕಿದರು. ಮೊದಲು ಬಂದದ್ದು ಆಲೂಗಡ್ಡೆ. ಡಾ. ಎಂ. ಎಚ್. ಕೇಸ್ವಾನಿ ಮತ್ತು ಸಂಗಡಿಗರು ಬೇಯಿಸಿದ ಆಲೂಗಡ್ಡೆಯ ಸಿಪ್ಪೆಗಳನ್ನು ಬಟ್ಟೆಗೆ ಅಂಟಿಸಿ ಪಟ್ಟಿ ತಯಾರಿಸಿ, ಅದರ ಫಲಿತಾಂಶವನ್ನು 1985ರಲ್ಲಿ ಪ್ರಕಟಿಸಿದರು. ಸಿಪ್ಪೆಯ ಕೆಳಗೆ ಗಾಯ ತೇವವಾಗಿ ಉಳಿಯಿತು, ಪಟ್ಟಿ ಅಂಟಲಿಲ್ಲ. ಆದರೆ ಒಬ್ಬ ರೋಗಿಯ ಬೆನ್ನು ಮುಚ್ಚಬೇಕಾದರೆ ಎಷ್ಟು ಆಲೂಗಡ್ಡೆ ಸುಲಿಯಬೇಕು? ಬಿಲ್ಲೆ ಬಿಲ್ಲೆಯಾಗಿ ಜೋಡಿಸಿ ಅಂಟಿಸುವುದು ಕೈಹಿಡಿಯುವ ಕೆಲಸ.

ಬಾಳೆ ಎಲೆಗೆ ಆ ತೊಂದರೆ ಇಲ್ಲ. ಒಂದೇ ಎಲೆಯಲ್ಲಿ ಇಡೀ ಬೆನ್ನು ಮುಚ್ಚಬಹುದು. ಸುಟ್ಟವರನ್ನು ಬಾಳೆ ಎಲೆಯ ಮೇಲೆ ಮಲಗಿಸುವ ರೂಢಿ ದಕ್ಷಿಣದ ಹಳ್ಳಿಗಳಲ್ಲಿ ಮೊದಲಿನಿಂದಲೂ ಇತ್ತು. ಸುಶ್ರುತ ಸಂಹಿತೆ ವ್ರಣ ಚಿಕಿತ್ಸೆಗೆ ಹೇಳುವ ಅರವತ್ತು ಉಪಕ್ರಮಗಳಲ್ಲಿ, ಗಾಯದ ಮೇಲೆ ಎಲೆ ಮುಚ್ಚುವ ‘ಪತ್ರದಾನ’ವೂ ಒಂದು. ರೂಢಿಯಲ್ಲಿ ಇರುವುದು ಬೇರೆ, ಪರೀಕ್ಷೆಯಲ್ಲಿ ನಿಲ್ಲುವುದು ಬೇರೆ. ಆ ಪರೀಕ್ಷೆಯನ್ನು ಮಾಡಿದವರು ಮುಂಬೈಯ ಸಯನ್‌ನಲ್ಲಿರುವ ಲೋಕಮಾನ್ಯ ತಿಲಕ್ ಮುನಿಸಿಪಲ್ ಆಸ್ಪತ್ರೆಯ ಡಾ. ಮಾಧುರಿ ಗೋರೆ ಮತ್ತು ಡಾ. ದೀಪಕ್ ಅಕೋಲೇಕರ್. ಅವರ ಎರಡು ಲೇಖನಗಳು 2003ರಲ್ಲಿ ‘ಬರ್ನ್ಸ್’ ಎಂಬ ಅಂತರರಾಷ್ಟ್ರೀಯ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದವು.

ಅವರ ವಿಧಾನದ ಜಾಣತನ ಗಮನಿಸುವಂಥದ್ದು. ಒಬ್ಬ ರೋಗಿಗೆ ಬಾಳೆ ಎಲೆ, ಇನ್ನೊಬ್ಬನಿಗೆ ಬೇರೆ ಪಟ್ಟಿ ಕಟ್ಟಿ ಹೋಲಿಸಿದರೆ, ಒಬ್ಬನ ತಾಳಿಕೆ ಇನ್ನೊಬ್ಬನಿಗಿಲ್ಲ, ಒಬ್ಬನ ಗಾಯದ ಆಳ ಇನ್ನೊಬ್ಬನದಲ್ಲ. ಹೀಗಾಗಿ ಒಬ್ಬನೇ ರೋಗಿಯ ಗಾಯದ ಒಂದು ಭಾಗಕ್ಕೆ ಎಲೆ, ಇನ್ನೊಂದು ಭಾಗಕ್ಕೆ ಬೇರೆ ಪಟ್ಟಿ. ಒಂದು ಅಧ್ಯಯನದಲ್ಲಿ, ಕಸಿ ಮಾಡಲು ತೊಡೆ ಮೊದಲಾದ ಕಡೆಯಿಂದ ಚರ್ಮ ತೆಗೆದ ಜಾಗಗಳಲ್ಲಿ ಬಾಳೆ ಎಲೆಯನ್ನು ವ್ಯಾಸಲೀನ್ ಗಾಜ್‌ನೊಂದಿಗೆ ಹೋಲಿಸಿದರು. ಇನ್ನೊಂದರಲ್ಲಿ ಸುಟ್ಟಗಾಯಗಳ ಮೇಲೆ ಬಾಳೆ ಎಲೆಗೂ ಆಲೂಗಡ್ಡೆ ಸಿಪ್ಪೆಗೂ ಪೈಪೋಟಿ. ಮೊದಲನೆಯದರಲ್ಲಿ ಎಲೆ ಕಟ್ಟಿದ ಕಡೆ ನೋವು ಕಡಿಮೆ, ಬಿಚ್ಚುವಾಗ ಸಲೀಸು. ಎರಡನೆಯದರಲ್ಲಿ ಎರಡೂ ಗುಣದಲ್ಲಿ ಸರಿಸಮ. ಆದರೆ ಎಲೆಯ ಪಟ್ಟಿ ತಯಾರಿಸುವುದು ಸುಲಭ, ಖರ್ಚು ಹಲವು ಪಟ್ಟು ಕಡಿಮೆ.

ಇಲ್ಲಿಯವರೆಗೆ ಕೇಳಿದ ಪಂಕ್ತಿಯ ಹಿರಿಯರು ‘ನೋಡಿದಿರಾ, ಹೇಳಿರಲಿಲ್ಲವೇ’ ಎನ್ನಬಹುದು. ಸ್ವಲ್ಪ ತಾಳಬೇಕು. ರೋಗಿಯ ಮೈಗೆ ತಗಲುವ ಮೊದಲು ಆ ಎಲೆ ಆಟೋಕ್ಲೇವ್ ಯಂತ್ರದೊಳಗೆ ಹೋಗಿ ಬರುತ್ತದೆ. ಶಸ್ತ್ರಚಿಕಿತ್ಸೆಯ ಕತ್ತರಿ, ಚಾಕುಗಳನ್ನು ಒತ್ತಡದ ಹಬೆಯಲ್ಲಿ ರೋಗಾಣುಮುಕ್ತ ಮಾಡುವ ಪಾತ್ರೆ ಅದು. ಮನೆಯ ಪ್ರೆಷರ್ ಕುಕ್ಕರಿನ ದೊಡ್ಡಣ್ಣ. ಅದರೊಳಗಿನ ಬಿಸಿ ಸಾಮಾನ್ಯವಾಗಿ 121 ಡಿಗ್ರಿ ಸೆಲ್ಸಿಯಸ್. ಎಲೆಯೇ ಕ್ರಿಮಿಗಳನ್ನು ಕೊಲ್ಲುವಂಥದ್ದಾಗಿದ್ದರೆ ಅದನ್ನು ಬೇಯಿಸಿ ಕ್ರಿಮಿ ಕಳೆಯುವ ಅಗತ್ಯವೇನಿತ್ತು? ತೋಟದ ಎಲೆಯ ಮೇಲೆ ಮಣ್ಣಿನಿಂದ, ಗಾಳಿಯಿಂದ, ಹಕ್ಕಿಯ ಹಿಕ್ಕೆಯಿಂದ ಬಂದ ಬ್ಯಾಕ್ಟೀರಿಯಾ, ಶಿಲೀಂಧ್ರದ ಬೀಜಕಗಳು ಸಾಕಷ್ಟು ಇರುತ್ತವೆ. ಚರ್ಮವೆಂಬ ಕೋಟೆಯೇ ಬಿದ್ದುಹೋದ ರೋಗಿಗೆ ಅವು ಮಾರಕ. ಸುಟ್ಟವರಲ್ಲಿ ಮೊದಲ ದಿನಗಳ ಆಘಾತ ದಾಟಿದ ಮೇಲೆ ಪ್ರಾಣಕ್ಕೆ ಎರವಾಗುವುದು ಹೆಚ್ಚಾಗಿ ಸೋಂಕೇ.

ಅಂದರೆ ಆಸ್ಪತ್ರೆಯಲ್ಲಿ ಬಾಳೆ ಎಲೆ ಗೆದ್ದದ್ದು ಕ್ರಿಮಿನಾಶಕವಾಗಿ ಅಲ್ಲ, ಹೊದಿಕೆಯಾಗಿ. ಮೊದಲು ಹೇಳಿದ ಮೇಣದ ನುಣುಪು ಇಲ್ಲಿ ಕೆಲಸಕ್ಕೆ ಬರುತ್ತದೆ. ಎಲೆ ಗಾಯಕ್ಕೆ ಅಂಟುವುದಿಲ್ಲ, ತೇವ ಆರಲು ಬಿಡುವುದಿಲ್ಲ, ಹೊರಗಿನ ಕೊಳೆ ಒಳಗೆ ಬರದಂತೆ ಅಡ್ಡ ನಿಲ್ಲುತ್ತದೆ, ತಂಪಾಗಿರುತ್ತದೆ, ಮೈಯ ತಿರುವುಗಳಿಗೆ ಬಾಗುತ್ತದೆ. ಬುತ್ತಿ ಕಟ್ಟುವವರು ಎಲೆಯನ್ನು ಕೆಂಡದ ಮೇಲೆ ಬಾಡಿಸಿ ಮಿದು ಮಾಡಿಕೊಳ್ಳುವುದು ಗೊತ್ತಿರುವಂಥದ್ದೇ. ಹಬೆಯೂ ಅದನ್ನೇ ಮಾಡುತ್ತದೆ. ಹೂವಾಡಗಿತ್ತಿ ಮಲ್ಲಿಗೆ ಮಾಲೆಯನ್ನು ಬಾಳೆ ಎಲೆಯಲ್ಲಿ ಸುತ್ತಿ ಕೊಡುವುದರ ಹಿಂದೆಯೂ ಇದೇ ತತ್ವವಿದೆ. ಒಳಗಿನ ತೇವ ಒಳಗೇ ಉಳಿಯಬೇಕು.

ಹಳ್ಳಿಯ ರೂಢಿ ಸರಿಯಾಗಿತ್ತು. ಅದಕ್ಕೆ ಕೊಡುತ್ತಿದ್ದ ಕಾರಣ ಸರಿಯಿರಲಿಲ್ಲ. ಇಂಥ ಪ್ರಸಂಗಗಳು ವೈದ್ಯದ ಚರಿತ್ರೆಯಲ್ಲಿ ಬೇಕಾದಷ್ಟಿವೆ.

ಬಾಳೆಕಾಯಿಯದೂ ಹೆಚ್ಚು ಕಡಿಮೆ ಇಂಥದ್ದೇ ಕತೆ. ಭೇದಿಯಾದ ಮಕ್ಕಳಿಗೆ ಬೇಯಿಸಿದ ಬಾಳೆಕಾಯಿ ಕೊಡುವುದು ಬಂಗಾಳದ ಮನೆಮದ್ದು. ಢಾಕಾದಲ್ಲಿರುವ ಅಂತರರಾಷ್ಟ್ರೀಯ ಅತಿಸಾರ ಸಂಶೋಧನಾ ಕೇಂದ್ರದಲ್ಲಿ ಜಿ. ಎಚ್. ರಬ್ಬಾನಿ ಮತ್ತು ಸಂಗಡಿಗರು ಇದನ್ನು ಒರೆಗೆ ಹಚ್ಚಿ 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡು ವಾರ ದಾಟಿದರೂ ಭೇದಿ ನಿಲ್ಲದ 62 ಗಂಡುಕೂಸುಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ಅಕ್ಕಿಯ ಗಂಜಿಯೊಡನೆ ಬೇಯಿಸಿದ ಬಾಳೆಕಾಯಿ, ಇನ್ನೊಂದಕ್ಕೆ ಪೆಕ್ಟಿನ್, ಮೂರನೆಯದಕ್ಕೆ ಬರೀ ಅಕ್ಕಿಯ ಆಹಾರ ಕೊಟ್ಟರು. ಮೂರನೆಯ ದಿನದ ಹೊತ್ತಿಗೆ ಬಾಳೆಕಾಯಿ ತಿಂದವರಲ್ಲಿ ಅರ್ಧಕ್ಕೂ ಹೆಚ್ಚು ಮಕ್ಕಳು ಗುಣವಾಗಿದ್ದರು. ಬರೀ ಅಕ್ಕಿಯವರಲ್ಲಿ ಹಾಗೆ ಗುಣವಾದವರು ಬಹಳ ಕಡಿಮೆ. ಕಾರಣ ಕ್ರಿಮಿನಾಶವೇ? ಅಲ್ಲ, ಅದಕ್ಕೆ ವಿರುದ್ಧವಾದದ್ದು. ಬಾಳೆಕಾಯಿಯ ಪಿಷ್ಟದಲ್ಲಿ ಒಂದು ಪಾಲು ಸಣ್ಣಕರುಳಿನಲ್ಲಿ ಜೀರ್ಣವಾಗದೆ ದೊಡ್ಡಕರುಳಿಗೆ ಹೋಗುತ್ತದೆ. ಅಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳು ಅದನ್ನು ತಿಂದು ಸಣ್ಣ ಕೊಬ್ಬಿನಾಮ್ಲಗಳನ್ನು ಬಿಡುತ್ತವೆ. ಕರುಳಿನ ಗೋಡೆ ಉಪ್ಪು, ನೀರುಗಳನ್ನು ಹೀರಿಕೊಳ್ಳಲು ಈ ಆಮ್ಲಗಳು ನೆರವಾಗುತ್ತವೆ. ಇಲ್ಲಿ ಬಾಳೆ ಸೂಕ್ಷ್ಮಜೀವಿಗಳಿಗೆ ಊಟ ಬಡಿಸಿ ಕೆಲಸ ಸಾಧಿಸುತ್ತದೆ.

ನಿಜವಾಗಿಯೂ ರೋಗಾಣುವಿನ ಮೇಲೆ ಕೈಮಾಡುವ ವಸ್ತು ಬಾಳೆಯಲ್ಲಿ ಸಿಕ್ಕಿರುವುದೂ ಉಂಟು, ಅದು ಹಣ್ಣಿನಲ್ಲಿ. ಬ್ಯಾನ್‌ಲೆಕ್ ಎಂಬ ಈ ಪ್ರೋಟೀನು ಕೆಲವು ವೈರಸ್‌ಗಳ ಹೊರಮೈಯ ಸಕ್ಕರೆ ಅಣುಗಳಿಗೆ ಅಂಟಿಕೊಂಡು, ಅವು ಮನುಷ್ಯನ ಕೋಶದೊಳಗೆ ಹೋಗದಂತೆ ತಡೆಯುತ್ತದೆ. ಎಚ್‌ಐವಿಯನ್ನು ಇದು ಪ್ರಯೋಗಶಾಲೆಯಲ್ಲಿ ತಡೆಯಬಲ್ಲದೆಂದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಡೇವಿಡ್ ಮಾರ್ಕೋವಿಟ್ಜ್ ಮತ್ತು ಸಂಗಡಿಗರು 2010ರಲ್ಲಿ ತೋರಿಸಿದರು. ತೊಡಕೆಂದರೆ ಅದೇ ಪ್ರೋಟೀನು ದೇಹದ ರಕ್ಷಣಾ ಕೋಶಗಳನ್ನು ಅನಗತ್ಯವಾಗಿ ಕೆರಳಿಸುತ್ತದೆ. 2015ರಲ್ಲಿ ಅವರು ಪ್ರೋಟೀನಿನ ಸರಪಣಿಯಲ್ಲಿ ಒಂದೇ ಒಂದು ಕೊಂಡಿ ಬದಲಿಸಿ, ಕೆರಳಿಸುವ ಗುಣ ತಗ್ಗಿಸಿ ವೈರಸ್ ತಡೆಯುವ ಗುಣ ಉಳಿಸಿಕೊಂಡರು. ಇಲಿಗಳಲ್ಲಿ ಫ್ಲೂ ವಿರುದ್ಧ ಅದು ಕೆಲಸ ಮಾಡಿತು. ಇದರಿಂದ ಬಾಳೆಹಣ್ಣು ತಿಂದರೆ ವೈರಸ್ ಸಾಯುತ್ತದೆ ಎಂದು ಯಾರೂ ತಿಳಿಯಬಾರದು. ಪ್ರಯೋಗವಾದದ್ದು ಬೇರ್ಪಡಿಸಿ ತಿದ್ದಿದ ಪ್ರೋಟೀನಿನ ಮೇಲೆ, ತಿಂದ ಹಣ್ಣಿನ ಮೇಲಲ್ಲ. ಹಣ್ಣಿನಲ್ಲಿ ಶಿಲೀಂಧ್ರದ ಗೋಡೆ ಒಡೆಯುವ ಕೈಟಿನೇಸ್ ಎಂಬ ಕಿಣ್ವವೂ ಇದೆ. ಅದರ ಉಪದ್ರವ ಬೇರೆ. ರಬ್ಬರ್ ಕೈಗವಸಿನಿಂದ ಅಲರ್ಜಿ ಆಗುವ ಕೆಲವರಿಗೆ ಬಾಳೆಹಣ್ಣೂ ಒಗ್ಗದಿರುವುದು ಇದರಿಂದಲೇ, ಏಕೆಂದರೆ ರಬ್ಬರ್ ಹಾಲಿನಲ್ಲಿ ಇದನ್ನು ಹೋಲುವ ಪ್ರೋಟೀನಿದೆ.

ಮತ್ತೆ ಪಂಕ್ತಿಗೆ ಬಂದರೆ, ಎಲೆಯೂಟ ಆರೋಗ್ಯಕರವೆಂಬ ಮಾತಿನಲ್ಲಿ ಹುರುಳಿಲ್ಲವೇ? ಇದೆ, ಬೇರೆ ಕಾರಣಕ್ಕೆ. ಒಬ್ಬರು ಉಂಡ ಎಲೆಯಲ್ಲಿ ಇನ್ನೊಬ್ಬರು ಉಣ್ಣುವುದಿಲ್ಲ. ಐನೂರು ಜನರ ಊಟಕ್ಕೆ ಐನೂರು ಹೊಸ ತಟ್ಟೆ. ಉಂಡ ಮೇಲೆ ಎಲೆ ಹಸುವಿಗೋ ಗೊಬ್ಬರದ ಗುಂಡಿಗೋ. ಒಂದೇ ಬೋಗುಣಿಯ ಮುಸುರೆ ನೀರಿನಲ್ಲಿ ನೂರು ತಟ್ಟೆ ಅದ್ದಿ ತೆಗೆಯುವುದಕ್ಕೆ ಹೋಲಿಸಿದರೆ ಇದು ಎಷ್ಟೋ ಮೇಲು. ಎಂಜಲಿನ ಬಗ್ಗೆ ಸಮಾಜ ಇಟ್ಟುಕೊಂಡಿದ್ದ ಕಟ್ಟುಪಾಡಿನಲ್ಲಿ ಜಾತಿಯ ಕಹಿ ಬೇಕಾದಷ್ಟಿತ್ತು. ಆದರೂ ಎಲೆಯ ಮಟ್ಟಿಗೆ ಅದು ಸೋಂಕು ಹರಡುವುದಕ್ಕೂ ಅಡ್ಡಬಂದಿರಬೇಕು. ಹಬೆಯಾಡುವ ಅನ್ನದ ಬಿಸಿಯೂ ತನ್ನ ಪಾಲಿನ ಕೆಲಸ ಮಾಡುತ್ತದೆ.

ಆದರೆ ಎಲೆ ತೊಳೆಯುವ ನೀರು? ಕೆರೆಯ ರಾಡಿ ನೀರಿನಲ್ಲಿ ಅದ್ದಿ ತಂದ ಎಲೆ, ಯಾರೋ ಕೈ ಅದ್ದಿದ ಚೊಂಬಿನ ನೀರಿನಿಂದ ಚಿಮುಕಿಸಿ ಒರೆಸಿದ ಎಲೆ, ಅದರ ಮೇಲೆ ಮೊದಲು ಬೀಳುವ ಬಿಸಿಯಿಲ್ಲದ ಕೋಸಂಬರಿ. ಕಾಲರಾ, ಟೈಫಾಯ್ಡ್, ಕಾಮಾಲೆ ಹರಡಲು ಇಷ್ಟು ಸಾಕು. ಎಲೆ ಎಲ್ಲವನ್ನೂ ನೋಡಿಕೊಳ್ಳುತ್ತದೆ ಎಂಬ ನಂಬಿಕೆ ಅಪಾಯಕಾರಿಯಾಗುವುದು ಇಲ್ಲಿ.

ಇನ್ನೊಂದು ವಿಚಿತ್ರವೆಂದರೆ, ಎಲೆಯ ಗುಣಗಾನ ಜೋರಾದ ಕಾಲದಲ್ಲೇ ಬಾಳೆ ಎಲೆಯ ಚಿತ್ರ ಅಚ್ಚು ಹಾಕಿದ, ಪ್ಲಾಸ್ಟಿಕ್ ಲೇಪಿತ ಕಾಗದದ ಎಲೆಗಳು ಛತ್ರಗಳಿಗೆ ನುಗ್ಗಿದವು. ನರ, ನಡುದಿಂಡು ಎಲ್ಲವೂ ಹಾಗೆಯೇ ಮುದ್ರಿತ. ಮೇಣ ಇದ್ದ ಜಾಗದಲ್ಲಿ ಪ್ಲಾಸ್ಟಿಕ್. ಹಸು ಅದನ್ನು ತಿಂದರೆ ಹೊಟ್ಟೆಯಲ್ಲೇ ಉಳಿಯುತ್ತದೆ. ಕರ್ನಾಟಕ ಸರ್ಕಾರ 2016ರ ಮಾರ್ಚಿನಲ್ಲಿ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳ ಮೇಲೆ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧ ಬಂತು. ಕಾನೂನು ಬಂದ ಮಾತ್ರಕ್ಕೆ ಛತ್ರದ ಹಿತ್ತಲು ಶುದ್ಧವಾಗುವುದಿಲ್ಲ ಎಂಬುದು ಹಿತ್ತಲು ನೋಡಿದವರಿಗೆ ಗೊತ್ತು.

ಕೊನೆಯದಾಗಿ, ಬಾಳೆ ಎಲೆ ಸುಟ್ಟಗಾಯಕ್ಕೆ ಒಳ್ಳೆಯದೆಂದು ಇಲ್ಲಿ ಕೇಳಿ ಹೋಗಿ, ಯಾರಾದರೂ ಮನೆಯಲ್ಲಿ ಕೈ ಸುಟ್ಟ ಮಗುವಿಗೆ ಹಿತ್ತಲಿನ ಎಲೆ ಹರಿದು ತಂದು ಸುತ್ತಿದರೆ ಅನಾಹುತವಾದೀತು. ಆಸ್ಪತ್ರೆಯ ಎಲೆ ತೊಳೆದು, ಹಬೆಯಲ್ಲಿ ರೋಗಾಣುಮುಕ್ತ ಮಾಡಿದ್ದು; ಹಿತ್ತಲಿನದು ಹಾಗಲ್ಲ. ಸುಟ್ಟ ಕೂಡಲೇ ಮಾಡಬೇಕಾದದ್ದು ಒಂದೇ. ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯುವುದು. ಬಳೆ, ಉಂಗುರಗಳನ್ನು ಊತ ಬರುವ ಮೊದಲೇ ತೆಗೆಯುವುದು. ಮಂಜುಗಡ್ಡೆ ಬೇಡ, ಶಾಯಿ ಬೇಡ, ಟೂತ್‌ಪೇಸ್ಟ್ ಬೇಡ, ಅರಿಶಿನವೂ ಬೇಡ. ಶುಭ್ರವಾದ ಬಟ್ಟೆ ಸಡಿಲವಾಗಿ ಹೊದಿಸಿ ವೈದ್ಯರ ಹತ್ತಿರ ಕರೆದುಕೊಂಡು ಹೋಗುವುದು. ಯಾವ ಪಟ್ಟಿ ಕಟ್ಟಬೇಕು, ಎಲೆಯೋ ಗಾಜೋ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ.